ಸಂಜೆಯ ಮಾತ್ರೆ

"ಬಾಯಿ ತೆಗಿ. ಇನ್ನೂ ದೊಡ್ಡದಾಗಿ ತೆಗಿಯೇ, ಎಮ್ಮೆ. ಊಟ ಮಾಡೋವಾಗ ಹೀಗೇ ತೆಗಿತೀಯಾ? ನಾಲಿಗೆ ಎತ್ತು."

ಮಾತ್ರೆ ಸಿಸ್ಟರ್ ಮರದ ಚಪ್ಪಟೆ ಕಡ್ಡಿಯಿಂದ ಅಕ್ಕನ ನಾಲಿಗೆ ಎತ್ತಿದಳು, ಎರಡೂ ಕೆನ್ನೆಯೊಳಗೆ ತಡಕಿದಳು. ಬೆಳಗಿನ ಮಾತ್ರೆ ಗಂಟಲಿಳಿದಿದೆ ಎಂದು ಖಾತ್ರಿಯಾದ ಮೇಲೆ ಕಡ್ಡಿ ಹೊರಗೆ ತೆಗೆದಳು. ಅದೇ ಕಡ್ಡಿ ಹಿಂದೆ ನಿಂತವಳ ಬಾಯಿಗೂ ಹೋಗುವುದರಲ್ಲಿತ್ತು.

"ಸಿಸ್ಟರೇ, ಕಡ್ಡಿ ಬದಲಾಯಿಸ್ರೀ," ಎಂದಳು ಅವಳು. ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಗಟ್ಟಿಬಾಯಿ ಎನ್ನುತ್ತಿದ್ದರು.

"ನಿಮ್ಮಂಥೋರ ಬಾಯಿಗೆ ಒಂದೊಂದು ಕಡ್ಡಿ ಬೇರೆ ಕೇಡು. ತೆಗಿ."

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡು ಅದು. ಮುಂದಿನ ದೊಡ್ಡ ಕಟ್ಟಡದಲ್ಲಿ ಮನುಷ್ಯರ ಮೈಯಿಂದ ಏನೇನು ಸುರಿಯುತ್ತದೋ, ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಎಲ್ಲವೂ ಹಾಸಿಗೆ ಬಟ್ಟೆಯ ಮೇಲೆ ಕೂತು ಹಿಂದಿನ ಬಾಗಿಲಿನಿಂದ ಇಲ್ಲಿಗೆ ಬರುತ್ತಿತ್ತು. ಬಿಸಿ ಸೋಡಾನೀರಿನಲ್ಲಿ ಕೈಯಾಡಿಸಿ ಆಡಿಸಿ ಹೆಂಗಸರ ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ಆ ಗೆಣ್ಣುಗಳನ್ನು ನೋಡಿಯೇ ಪರೀಕ್ಷೆ ಡಾಕ್ಟರ್ ಇಲ್ಲಿಗೆ ಬಂದದ್ದು. ಇನ್ನೂ ಅಂಗಡಿಗೆ ಬಾರದ, ನೋವಿನ ಹೊಸ ಮಾತ್ರೆಯೊಂದನ್ನು ಇವರ ಮೇಲೆ ಪರೀಕ್ಷೆ ಮಾಡಬೇಕಿತ್ತು. ಬೆಳಗಿನದು ಸಿಸ್ಟರ್ ಕಣ್ಣೆದುರಿಗೆ, ಸಂಜೆಯದು ಮನೆಗೆ. ಪುಕ್ಕಟೆ ಸಿಗುತ್ತಿದೆ, ಪುಣ್ಯ ಮಾಡಿದ್ದೀರಿ ಎಂದು ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದ. ಒಲ್ಲೆ ಎಂದವಳು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದೂ ಹೇಳಿದ್ದ. ಎಲ್ಲರ ರಕ್ತ ತೆಗೆದರು, ಎಲ್ಲರನ್ನೂ ಸೇರಿಸಿಕೊಂಡರು. ಅಕ್ಕನ ತಂಗಿಯನ್ನು ಮಾತ್ರ ಸಾಲಿನಿಂದ ಎಳೆದು ಹಾಕಿದರು.

"ನೀನು ಬೇಡ, ನಡಿ."

"ಯಾಕ್ರೀ ಡಾಕ್ಟ್ರೇ? ನನ್ನ ಕೈಯೂ ನೋಯ್ತದೆ, ನೋಡಿ ಇಲ್ಲಿ."

"ರಕ್ತ ಸರಿ ಇಲ್ಲ. ನಡಿ ಅಂದ್ರೆ ನಡಿ, ಸಾಲು ಕೆಡಿಸಬೇಡ."

ಅಷ್ಟೇ. ರಕ್ತದಲ್ಲಿ ಏನು ಸರಿ ಇಲ್ಲ, ಇಲ್ಲದಿದ್ದರೆ ಅವಳು ಏನು ಮಾಡಬೇಕು, ಏನು ಮಾಡಬಾರದು, ಒಂದನ್ನೂ ಹೇಳಲಿಲ್ಲ. ತಂಗಿ ಮುಖ ಚಿಕ್ಕದು ಮಾಡಿಕೊಂಡು ಗೋಡೆ ಪಕ್ಕಕ್ಕೆ ಸರಿದಳು. "ಗಂಡನ್ನ ಬಿಟ್ಟು ಬಂದೋಳ ರಕ್ತ ಎಲ್ಲಿಂದ ಸರಿ ಇರ್ತದೆ," ಎಂದು ಮೇಸ್ತ್ರಿ ನಕ್ಕ. ಅಕ್ಕನಿಗೆ ಅವನ ಮುಖಕ್ಕೆ ಸೋಡಾನೀರು ಎರಚುವಷ್ಟು ಸಿಟ್ಟು ಬಂತು. ಎರಚಲಿಲ್ಲ. ಇಬ್ಬರಿಗೂ ಕೆಲಸ ಬೇಕಿತ್ತು.

ಒಗೆದ ಹಾಸಿಗೆ ಬಟ್ಟೆ ಹಿಂಡುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಒಂದು ತುದಿ ಒಬ್ಬಳ ಕೈಯಲ್ಲಿ, ಇನ್ನೊಂದು ಅವಳ ಜೋಡಿಯ ಕೈಯಲ್ಲಿ. ಇವಳು ಬಲಕ್ಕೆ ತಿರುಚಿದರೆ ಅವಳು ಎಡಕ್ಕೆ. ಒಬ್ಬಳ ಕೈ ಸೋತರೆ ಬೈಗುಳ ಇಬ್ಬರಿಗೂ. ಹಾಗಾಗಿ ಬುತ್ತಿ, ಕೈಗೆ ಹಚ್ಚುವ ಎಣ್ಣೆ, ತಲೆನೋವಿನ ಗುಳಿಗೆ, ಕೆಮ್ಮಿನ ಔಷಧಿ, ಒಬ್ಬಳಿಗೆ ಸಿಕ್ಕಿದ್ದು ಜೋಡಿಗೂ ಸಿಕ್ಕ ಹಾಗೆ. ಮನೆಯಲ್ಲೂ ಅದೇ ಅಭ್ಯಾಸ. ಒಬ್ಬಳು ಡಾಕ್ಟರ ಹತ್ತಿರ ಹೋಗಿ ಬಂದರೆ ಮನೆಮಂದಿಯೆಲ್ಲ ಹೋಗಿ ಬಂದಂತೆ. ಇದರಲ್ಲಿ ಅಪಾಯವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಬಾಯಿ ತೆಗಿ ಎನ್ನುವುದು ಬಿಟ್ಟು ಇನ್ನೇನೂ ಹೇಳುತ್ತಿರಲಿಲ್ಲ.

ಅಕ್ಕನ ಜೋಡಿ ಅವಳ ತಂಗಿಯೇ. ಸಂಜೆ ಶೆಡ್ಡಿನ ಹಿಂದಿನ ತಮ್ಮ ಕೋಣೆಗೆ ಬಂದವಳೇ ಅಕ್ಕ ರಬ್ಬರ್ ಏಪ್ರನ್ನಿನ ಜೇಬಿನಿಂದ ಮಾತ್ರೆ ತೆಗೆದು ತಂಗಿಯ ಮುಂದೆ ಹಿಡಿದಳು.

"ನಿಂಗೂ ಬೇಕಲ್ಲ ಅಕ್ಕಾ."

"ಬೆಳಿಗ್ಗೆದು ನಂಗೆ, ಸಂಜೆದು ನಿಂಗೆ. ತಗೋ."

"ನನ್ನ ರಕ್ತ ಸರಿ ಇಲ್ವಂತೆ."

"ಅವರಪ್ಪನ ತಲೆ. ನೀನೂ ನಾನೂ ಒಂದೇ ಹೊಟ್ಟೇಲಿ ಹುಟ್ಟಿದೋರು. ನಂದು ಸರಿ ಇದ್ದು ನಿಂದೊಂದು ಹೇಗೆ ಕೆಡ್ತದೆ?" ಎಂದವಳು ಸಿಸ್ಟರಿನ ದನಿ ತೆಗೆದು, "ನಾಲಿಗೆ ಎತ್ತೇ, ಎಮ್ಮೆ!" ಎಂದಳು. ತಂಗಿ ನಗಲು ಹೋಗಿ ನೀರು ನೆತ್ತಿಗೇರಿತು. ಅಕ್ಕ ಅವಳ ತಲೆ ತಟ್ಟುತ್ತ ತಾನೂ ನಕ್ಕಳು.

ಮಾತ್ರೆ ಹಿಡಿಯಿತು. ಕೆಲವೇ ದಿನಗಳಲ್ಲಿ ತಂಗಿ ತನ್ನ ಕೂದಲು ತಾನೇ ಬಾಚಿ ಹೆಣೆದುಕೊಂಡಳು. ಎಷ್ಟೋ ಕಾಲದಿಂದ ಅದನ್ನು ಅಕ್ಕ ಮಾಡಿಕೊಡಬೇಕಿತ್ತು. "ನೋಡೇ, ಬೆರಳು ಮಡಚ್ತದೆ," ಎಂದು ಮುಷ್ಟಿ ಕಟ್ಟಿ ತೋರಿಸಿದಳು. ಅಕ್ಕನಿಗೆ ಕಣ್ಣು ತುಂಬಿಬಂತು. ತನ್ನ ಕೈ ಸಂಜೆಯ ಹೊತ್ತಿಗೆ ಕಿತ್ತು ಬರುವಂತೆ ನೋಯುತ್ತಿದ್ದರೂ ಅವಳಿಗೆ ಅದೊಂದು ದೊಡ್ಡದು ಅನಿಸಲಿಲ್ಲ.

ಆಮೇಲೆ ತಂಗಿಗೆ ಊಟ ಸೇರದಾಯಿತು. ಹೊಟ್ಟೆನೋವು, ವಾಂತಿ ಶುರುವಾದವು. ತೊಟ್ಟಿಯ ಪಕ್ಕ ಬಗ್ಗಿ ಕಕ್ಕುತ್ತಿದ್ದವಳನ್ನು ನೋಡಿ ಮೇಸ್ತ್ರಿ, "ಯಾರದೇ ಇದು?" ಎಂದ.

"ನಿಮ್ಮಪ್ಪಂದು," ಎಂದಳು ಗಟ್ಟಿಬಾಯಿ.

ಅವತ್ತು ಗಟ್ಟಿಬಾಯಿಗೂ ಅವಳ ಜೋಡಿಗೂ ಹೆರಿಗೆ ವಾರ್ಡಿನ ಕೊಳೆಬಟ್ಟೆಯ ಗಂಟು ಪೂರ್ತಿ ಬಿತ್ತು. ಅಕ್ಕ ಸಂಜೆಯ ಮಾತ್ರೆ ನಿಲ್ಲಿಸಲಿಲ್ಲ. ಹೊಟ್ಟೆನೋವೂ ನೋವೇ ತಾನೆ, ಇದಕ್ಕೂ ಆದೀತು ಎಂದುಕೊಂಡು ತಾನೇ ಬಾಯಿಗೆ ಹಾಕಿ ನೀರು ಕುಡಿಸಿದಳು.

ತಂಗಿಯ ಕಣ್ಣು ಹಳದಿಯಾಗಿ, ಮಾತು ತೊದಲಿ, ಅಕ್ಕನನ್ನೇ ಯಾರು ನೀನು ಎಂದು ಕೇಳಿದ ದಿನ ಹೆಂಗಸರು ಅವಳನ್ನು ಕೊಳೆಬಟ್ಟೆ ತಳ್ಳುವ ಗಾಡಿಯಲ್ಲೇ ಮಲಗಿಸಿ ಮುಂದಿನ ಕಟ್ಟಡಕ್ಕೆ ತಳ್ಳಿಕೊಂಡು ಹೋದರು.

"ಒಗೆಯೋರಿಗೆಲ್ಲ ಹಿಂದಿನ ಬಾಗಿಲು," ಎಂದ ಬಾಗಿಲಲ್ಲಿದ್ದವನು.

ಹಿಂದಿನ ಬಾಗಿಲಿನಿಂದ ಹೋದರು. ಹಾಸಿಗೆ ಖಾಲಿ ಇರಲಿಲ್ಲ. ವಾರ್ಡಿನ ಹೊರಗಿನ ಉದ್ದನೆಯ ಮೊಗಸಾಲೆಯಲ್ಲಿ, ನೆಲದ ಮೇಲೆ, ಒಂದು ಹಾಸಿಗೆ ಬಟ್ಟೆ ಹಾಸಿ ಮಲಗಿಸಿದರು. ಕುಡಿಯುತ್ತಿದ್ದಳಾ ಎಂದು ಕೇಳಿದರು. ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಳು ಎಂದು ಯಾರೂ ಕೇಳಲಿಲ್ಲ. ಇಂಥವರ ಹತ್ತಿರ ಎಂಥ ಔಷಧಿ ಇರುತ್ತದೆ ಎಂದುಕೊಂಡಿರಬೇಕು. ಅಕ್ಕನ ತೊಡೆಯ ಮೇಲೆ ತಲೆಯಿಟ್ಟೇ ಅವಳು ಹೋದಳು. ಅಕ್ಕ ಅವಳ ಜಡೆ ಹಿಡಿದುಕೊಂಡು, ದನಿ ಬರಿ ಗಾಳಿಯಾಗುವ ತನಕ ಅತ್ತಳು.

ವಾರ್ಡಿನ ಆಳು ಬಂದು ಹೆಣದ ಕೆಳಗಿನ ಬಟ್ಟೆ ಎಳೆದ. "ಇದು ಬಿಡಮ್ಮ, ವಾರ್ಡಿಗೆ ಕಮ್ಮಿ ಬೀಳ್ತದೆ."

"ಇದನ್ನ ಒಗೆದೋಳೇ ಅವಳು ಕಣಯ್ಯಾ."

"ಹಾಗಾದ್ರೆ ನಾಳೆ ನೀನು ಒಗಿ."

ಮಣ್ಣು ಮಾಡಿ ಕೆಲಸಕ್ಕೆ ಬಂದ ದಿನ ಅಕ್ಕ ಪರೀಕ್ಷೆ ಡಾಕ್ಟರ ಕೋಣೆಗೆ ಹೋದಳು. ಜಗಳಕ್ಕೆ ಹೋದದ್ದಲ್ಲ. ತಂಗಿಗೆ ಏನಾಗಿತ್ತು ಎಂದು ಓದಿದವರ ಬಾಯಿಂದ ಒಂದು ಮಾತು ಕೇಳಬೇಕಿತ್ತು.

"ನಿಮ್ಮ ಮಾತ್ರೆಯಿಂದ ಕೈನೋವು ಪೂರ್ತಿ ಹೋಗಿತ್ತು ಡಾಕ್ಟ್ರೇ ಅವಳಿಗೆ. ಸುಳ್ಳು ಹೇಳಬಾರದು. ಆಮೇಲೆ ಅದ್ಯಾಕೆ ಹಾಗಾಯ್ತೋ."

ಡಾಕ್ಟರ್ ತಲೆಯೆತ್ತಿದ. "ಯಾವ ಮಾತ್ರೆಯಿಂದ?"

"ಇದೇ. ಸಂಜೆದು ಅವಳಿಗೇ ಕೊಡ್ತಿದ್ದೆ."

ಅವನು ಎದ್ದು ಬಾಗಿಲು ಹಾಕಿ ಬಂದ. "ತಲೆ ನೆಟ್ಟಗಿದೆಯಾ ನಿನಗೆ? ಅವಳ ಲಿವರ್ ಮೊದಲೇ ಕೆಟ್ಟಿತ್ತು. ಅಂಥವರಿಗೆ ಈ ಮಾತ್ರೆ ವಿಷ ಇದ್ದ ಹಾಗೆ. ಅದಕ್ಕೇ ಅವಳನ್ನ ಬೇಡ ಅಂದಿದ್ದು!"

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು.

"ನಿಮಗೆ ಗೊತ್ತಿತ್ತಾ?"

"ರಕ್ತ ನೋಡಿದಾಗಲೇ ಗೊತ್ತಿತ್ತು."

"ಅವಳಿಗೆ ಹೇಳಿದ್ರಾ?"

"ಬೇಡ ಅಂತ ಹೇಳಿದೆನಲ್ಲ."

"ಬೇಡ ಅಂದ್ರಿ. ಲಿವರ್ ಕೆಟ್ಟಿದೆ ಅಂದ್ರಾ? ಇದನ್ನ ತಿಂದ್ರೆ ಸಾಯ್ತೀಯಾ ಅಂದ್ರಾ?"

"ನೋಡು, ಪರೀಕ್ಷೆಗೆ ಯಾರು ಆಗ್ತಾರೆ, ಯಾರು ಆಗಲ್ಲ ಅಂತ ನೋಡೋದಷ್ಟೇ ನನ್ನ ಕೆಲಸ. ಆಗಲ್ಲ ಅಂದ ಮೇಲೆ ಅವಳು ನನ್ನ ರೋಗಿ ಅಲ್ಲ."

"ಒಂದು ಮಾತು ಡಾಕ್ಟ್ರೇ. ಒಂದೇ ಒಂದು ಮಾತು ಹೇಳಿದ್ರೆ ನಾನು ಕೊಡ್ತಿದ್ನಾ?"

"ಕೊಟ್ಟವಳು ನೀನು," ಎಂದ ಡಾಕ್ಟರ್, ಈಗ ಮೆಲ್ಲಗೆ. "ಇದು ಹೊರಗೆ ಬಂದ್ರೆ ಪೊಲೀಸಿನವರು ಹುಡುಕಿಕೊಂಡು ಬರೋದು ನಿನ್ನನ್ನ. ನಾಳಿದ್ದು ಮಾತ್ರೆ ಕಂಪನಿಯವರು ಬರ್ತಾರೆ. ಎರಡು ಹೊತ್ತೂ ನಾನೇ ನುಂಗಿದೆ ಅನ್ನು. ಇಲ್ಲಿಗೇ ಮುಗಿದುಹೋಗುತ್ತೆ."

ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಪೊಲೀಸಿನ ಭಯ ಒಂದು ಕಡೆ. ಆದರೆ ಅದಕ್ಕಿಂತ ಹೆಚ್ಚಾಗಿ, ನಾನೇ ಕೊಂದೆ ಎನ್ನುವ ಮಾತು ಬಾಯಿಂದ ಹೊರಗೆ ಬರಲೊಲ್ಲದು. ರಾತ್ರಿ ತಂಗಿಯ ಬಾಚಣಿಗೆ ಎದೆಗೆ ಒತ್ತಿಕೊಂಡು ಮಲಗಿದಳು.

ಮಾರನೆ ಬೆಳಿಗ್ಗೆ ನಲ್ಲಿಯ ಹತ್ತಿರ ಗಟ್ಟಿಬಾಯಿ ಮುಖ ತೊಳೆಯುತ್ತ, "ನಮ್ಮತ್ತೆಗೆ ಯಾಕೋ ಊಟಾನೇ ಬೇಡವಂತೆ ಕಣಕ್ಕಾ. ಕಣ್ಣೂ ಒಂಥರಾ ಹಳದಿ," ಎಂದಳು.

ಅಕ್ಕ ಬಕೆಟ್ ಕೆಳಗಿಟ್ಟಳು. "ಸಂಜೆ ಮಾತ್ರೆ ಯಾರು ನುಂಗ್ತಾರೆ ನಿಮ್ಮನೇಲಿ?"

"ಇನ್ಯಾರು, ಅತ್ತೆನೇ. ಮೊಣಕಾಲು ನೋವು ಅಂತ ಬಿದ್ದುಕೊಂಡಿದ್ದ ಮುದುಕಿ ಈಗ ಎದ್ದು ಓಡಾಡ್ತಾ ನನ್ನ ಪ್ರಾಣ ತಿಂತದೆ." ಹೇಳಿ ನಕ್ಕಳು.

ಅಕ್ಕ ಅಲ್ಲೇ, ನಲ್ಲಿ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಹೇಳಿ ಮುಗಿಯುವ ಮೊದಲೇ ಗಟ್ಟಿಬಾಯಿ ಅವಳ ಕೆನ್ನೆಗೆ ಬಾರಿಸಿದಳು.

"ಥೂ ಮುಂಡೆ! ನಿನ್ನೇನೇ ಗೊತ್ತಿತ್ತಾ ನಿಂಗೆ? ನಿನ್ನೆ ಸಂಜೇನೂ ಕೊಟ್ನಲ್ಲೇ ನಾನು! ನನ್ನ ಕೈಯಾರೆ ಕೊಟ್ನಲ್ಲೇ!"

ಹೊಡೆದ ಕೈಯಿಂದಲೇ ಅಕ್ಕನನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಬಕೆಟ್ ಹಿಡಿದು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಗಂಡನಿಗೆ ಕೊಟ್ಟಿದ್ದಳು, ಇನ್ನೊಬ್ಬಳು ತಾಯಿಗೆ. ಸಂಜೆಯ ಮಾತ್ರೆಯನ್ನು ತಾನೇ ನುಂಗಿದವಳು ಅಲ್ಲಿ ಒಬ್ಬಳೂ ಇರಲಿಲ್ಲ. ಅವತ್ತೇ ಮುದುಕಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಾತ್ರೆಯ ಸಂಗತಿಯನ್ನೂ ಹೇಳಿದರು. ಆ ಪರೀಕ್ಷೆಯ ಪಟ್ಟಿಯಲ್ಲಿ ಈ ಮುದುಕಿ ಇಲ್ಲವಲ್ಲ, ವಯಸ್ಸಾಯಿತು, ಕರೆದುಕೊಂಡು ಹೋಗಿ ಎಂದು ಅಲ್ಲಿನವರು ಕಳಿಸಿದರು.

ಮರುದಿನ ಕಂಪನಿಯವರು ಬಂದರು. ಒಗೆದ ಬಿಳಿ ಬಟ್ಟೆ ಹಾಸಿದ ಮೇಜಿನ ಹಿಂದೆ ಬೇರೆ ಭಾಷೆಯ ಒಬ್ಬಳು ಮೇಡಂ, ಪಕ್ಕದಲ್ಲಿ ಡಾಕ್ಟರ್. ಅವಳು ಕೇಳಿದ್ದನ್ನು ಅವನು ಇವರಿಗೆ ಹೇಳಬೇಕು, ಇವರು ಹೇಳಿದ್ದನ್ನು ಅವಳಿಗೆ. ಸಾಲಿನಲ್ಲಿ ಮೊದಲು ಅಕ್ಕನೇ ಇದ್ದಳು.

"ಎರಡು ಹೊತ್ತೂ ನೀನೇ ನುಂಗ್ತೀಯಾ ಅಂತ ಕೇಳ್ತಿದ್ದಾರೆ. ಹೇಳು," ಎಂದ ಡಾಕ್ಟರ್, ಕಣ್ಣಲ್ಲೇ ಗದರುತ್ತ.

"ಇಲ್ಲ. ಸಂಜೆದು ನನ್ನ ತಂಗಿಗೆ ಕೊಟ್ಟೆ. ಅವಳ ಲಿವರ್ ಕೆಟ್ಟಿದ್ದು ಇವರಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ನನ್ನ ತಂಗಿ ಸತ್ತಳು ತಾಯೀ. ಕೊಟ್ಟವಳು ನಾನೇ. ಪೊಲೀಸ್ನೋರನ್ನ ಕರೀರಿ, ಬರ್ತೀನಿ. ಆದ್ರೆ ಅವಳು ಸತ್ತಿದ್ದು ಈ ಮಾತ್ರೆಯಿಂದ ಅಂತ ಬರ್ಕೊಳ್ಳಿ."

ಡಾಕ್ಟರ್ ಮೇಡಮ್ಮಿನ ಕಡೆ ತಿರುಗಿ ಎರಡೇ ಮಾತು ಹೇಳಿದ. ಮೇಡಂ ಮುಗುಳ್ನಕ್ಕು ಅಕ್ಕನ ಕೈ ತಟ್ಟಿದಳು, ಏನೋ ಬರೆದುಕೊಂಡಳು.

"ಏನಂತ ಹೇಳಿದ್ಯೋ, ಬೋಳಿಮಗನೇ?" ಹಿಂದಿನಿಂದ ಗಟ್ಟಿಬಾಯಿ ಕಿರುಚಿದಳು. ಮೇಸ್ತ್ರಿ ಅವಳ ರಟ್ಟೆ ಹಿಡಿದ.

ಅಕ್ಕ ಸಾಲು ಬಿಟ್ಟು ಹೊರಗೆ ನಡೆದಳು. ಶೆಡ್ಡಿನ ಹಿಂದೆಯೇ ಒಗೆಯುವವರ ಕೋಣೆಗಳು. ತಿರುಗಿ ಬರುವಾಗ ಅವಳ ಬೆನ್ನ ಮೇಲೆ ಗಟ್ಟಿಬಾಯಿಯ ಅತ್ತೆ ಇದ್ದಳು, ಒಣಗಿದ ಕೈಗಳನ್ನು ಅಕ್ಕನ ಕತ್ತಿಗೆ ಸುತ್ತಿಕೊಂಡು. ಮೇಸ್ತ್ರಿ ಅಡ್ಡ ಬಂದ. ಹೆಂಗಸರು ಸಾಲು ಮುರಿದು ಅವನ ಸುತ್ತ ನಿಂತುಬಿಟ್ಟರು. ಅವನು ಕದಲಲಾಗಲಿಲ್ಲ.

ಅಕ್ಕ ಮುದುಕಿಯನ್ನು ಮೇಡಮ್ಮಿನ ಮುಂದೆ, ಬಿಳಿ ಬಟ್ಟೆಯ ಮೇಜಿನ ಮೇಲೆಯೇ ಕೂರಿಸಿದಳು. ಎರಡು ಬೆರಳಿಂದ ಅವಳ ಕಣ್ಣಿನ ರೆಪ್ಪೆಗಳನ್ನು ಮೆಲ್ಲಗೆ ಅಗಲಿಸಿ ಹಿಡಿದಳು. ಇದಕ್ಕೆ ಯಾರೂ ಭಾಷೆ ತಿರುಗಿಸಿ ಹೇಳಬೇಕಿರಲಿಲ್ಲ. ಅಷ್ಟು ಹಳದಿ. ಮೇಡಮ್ಮಿನ ಮುಖದ ನಗು ಹೋಯಿತು, ಬರೆಯುವ ಕೈ ನಿಂತಿತು.

ಮುದುಕಿ ಮೇಜಿನ ಹಿಂದಿನವರನ್ನು ಒಬ್ಬೊಬ್ಬರಾಗಿ ನೋಡಿದಳು. ಬಿಳಿ ಕೋಟಿನ ಡಾಕ್ಟರ ಕೈ ಹುಡುಕಿ ಹಿಡಿದುಕೊಂಡಳು.

"ನೀವೇ ಏನಪ್ಪಾ ಮಾತ್ರೆ ಕೊಟ್ಟೋರು? ದೇವರಂಥೋರು ನೀವು. ನನ್ನ ಮೊಣಕಾಲು ನೋವು ಪೂರ್ತಿ ಹೋಗಿತ್ತು. ನಿನ್ನೆಯಿಂದ ನನ್ನ ಸೊಸೆ ಕೊಡ್ತಾನೇ ಇಲ್ಲ. ಕೇಳಿದ್ರೆ ಬರೀ ಅಳ್ತಾಳೆ. ಒಂದು ಮಾತ್ರೆ ಕೊಡಿಸಪ್ಪಾ."

ಗಟ್ಟಿಬಾಯಿ ಬಾಯಿಗೆ ಕೈ ಅಡ್ಡ ಹಿಡಿದು ನೆಲಕ್ಕೆ ಕುಸಿದಳು. ಮೇಡಂ ಡಾಕ್ಟರ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು, ಮತ್ತೆ ಕೇಳಿದಳು.

"ಹೇಳ್ರೀ ಡಾಕ್ಟ್ರೇ," ಎಂದಳು ಅಕ್ಕ. "ಅಜ್ಜಿ ಏನು ಕೇಳ್ತಿದ್ದಾಳೆ ಅಂತ ಅವರಿಗೆ ಹೇಳ್ರೀ."

ಡಾಕ್ಟರ್ ಕೈ ಬಿಡಿಸಿಕೊಳ್ಳಲು ನೋಡಿದ. ಮುದುಕಿ ಬಿಡಲಿಲ್ಲ.