ನಾಲ್ಕಿಂಚಿನ ಬ್ರಷ್ಷು ಮತ್ತು ಕೆರೆಯ ನೀರು

ಚಳಿ ಕಳೆದು ಬಿಸಿಲು ಇನ್ನೂ ಬಲಿಯದ ದಿನಗಳಲ್ಲಿ, ಬೆಳಗಿನ ಆರೂವರೆಗೆ ಇದು ಶುರುವಾಯಿತು. ನಲವತ್ತು ವರ್ಷ ಗೋಡೆಗೆ ಬಣ್ಣ ಬಳಿದ ಪೇಂಟರ್ ಅಡುಗೆಮನೆಯ ಕಿಟಕಿಯೆದುರು ಕ್ಯಾನ್ವಾಸ್ ಇಟ್ಟುಕೊಂಡು ಕೂತ. ಹೊರಗೆ ಕೆರೆ, ಮಂಜು, ಆಚೆ ದಡದಲ್ಲಿ ಮೂರು ಮರ. ಇನ್ನು ಮೂರು ವಾರದಲ್ಲಿ ಈ ಮನೆ ಬಿಟ್ಟು ಮಗಳ ಮನೆಯಲ್ಲೇ ಇರಲು ಹೊರಡಲಿದ್ದ ಅವನ ಅಕ್ಕ ಬಾಯಿಬಿಟ್ಟು ಕೇಳಿದ್ದು ಇದೊಂದೇ.

"ಈ ಕಿಟಕಿ ನನ್ನ ಜೊತೆ ಬರಲ್ವಲ್ಲೋ. ಒಂದು ಚಿತ್ರ ಬರೆದು ಕೊಡು."

ಅದಕ್ಕೆಂದೇ ಅವನು ಸಂಜೆಯ ಚಿತ್ರಕಲೆ ತರಗತಿಗೂ ಸೇರಿದ್ದ. ಟೀಚರಿಗೆ ಅವನ ಮೊಮ್ಮಗಳ ವಯಸ್ಸು. "ಅಜ್ಜ, ನೆರಳಿಗೆ ಕಪ್ಪು ಬೇಡ, ನೀಲಿ ಹಾಕಿ. ಬಣ್ಣ ಇಟ್ಟು ಕೈ ತೆಗೀರಿ, ತೀಡಬೇಡಿ," ಅನ್ನುತ್ತಿದ್ದಳು. ಕೈ ಕೇಳಬೇಕಲ್ಲ? ಬ್ರಷ್ಷಿನ ಗೆರೆ ಕಂಡರೆ ಕಸುಬಿಗೇ ಅವಮಾನ ಎಂದು ಕಲಿತ ಕೈ ಅದು. ಇಟ್ಟ ಚುಕ್ಕೆಗಳನ್ನೆಲ್ಲ ಕೊನೆಗೆ ನಾಲ್ಕಿಂಚಿನ ಬ್ರಷ್ಷಿನಿಂದ ನುಣ್ಣಗೆ ಎಳೆದುಬಿಡುತ್ತಿತ್ತು.

ಮೂರು ಕ್ಯಾನ್ವಾಸ್ ಹಾಗೇ ಹೋದವು. "ಗೋಡೆ ಚೆನ್ನಾಗಿದೆ. ಕೆರೆ ಎಲ್ಲಿ?" ಅಂದಳು ಅಕ್ಕ.

ಹೊರಡುವ ಹಿಂದಿನ ದಿನ, ಬುಧವಾರ, ನಾಲ್ಕನೆಯದು. ಮಂಜು ಸೀಳಿ ಬಿಸಿಲು ನೀರಿಗೆ ಬಿತ್ತು. ಅದರ ಆಯುಸ್ಸು ಹತ್ತು ನಿಮಿಷ. ಕಿತ್ತಳೆ, ನೇರಳೆ, ತಿಳಿನೀಲಿ ಎಂದು ಒಂದರ ಪಕ್ಕ ಒಂದು ಇಡುತ್ತ ಹೋದ. ಬೆಳಕು ಸರಿದ ಮೇಲೆ ಕೈ ತಾನಾಗಿ ದೊಡ್ಡ ಬ್ರಷ್ಷಿಗೆ ತಡಕಾಡಿತು. ಇರಲಿಲ್ಲ.

"ಅಕ್ಕಾ, ನನ್ನ ಬ್ರಷ್ಷು?"

"ನನ್ನ ಟ್ರಂಕಿನ ತಳದಲ್ಲಿದೆ. ಮೇಲೆ ಬಟ್ಟೆ ಜೋಡಿಸಿ ಬೀಗ ಹಾಕಿಯಾಯ್ತು."

"ಹುಡುಗಾಟನಾ? ಕೆಲಸ ಅರ್ಧಕ್ಕೆ ನಿಂತಿದೆ."

"ನಿಲ್ಲಲಿ ಬಿಡು. ನಿನಗೆ ನಿಲ್ಲಿಸೋದು ಯಾವತ್ತು ಗೊತ್ತಿತ್ತು?"

ಹತ್ತಿರ ಬಂದು ಮೂಗು ಮುರಿದಳು. "ಕೋಳಿ ಕೆದರಿದ ತಿಪ್ಪೆ ಇದ್ದ ಹಾಗಿದೆ." ಹಾಗೆಂದು ಬಾಗಿಲವರೆಗೆ ಹೋದವಳು ದೂರದಿಂದ ಚಿತ್ರವನ್ನು ತಿರುಗಿ ನೋಡಿ, ಅಲ್ಲೇ ನಿಂತಳು.

"ನೀರು ಅಲುಗಾಡ್ತಿದೆ ಕಣೋ."

ಅವನೂ ಹೋಗಿ ಅವಳ ಪಕ್ಕ ನಿಂತ. ಹೌದು, ಅಲುಗಾಡುತ್ತಿತ್ತು. ಮರಳಿ ಬಂದು ಬಲಗಡೆಯ ಕೆಳಮೂಲೆಯಲ್ಲಿ ತನ್ನ ಹೆಸರು ಬರೆದ. ಅಷ್ಟೊಂದು ಗೋಡೆಗಳಲ್ಲಿ ಒಂದರ ಮೇಲೂ ಬರೆದಿರಲಿಲ್ಲ.

ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಅಕ್ಕ ಕಾಯಲಿಲ್ಲ. ಬ್ರಷ್ಷಿದ್ದ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿದಳು. ಚಿತ್ರವನ್ನು ಮಾತ್ರ ತೊಡೆಯ ಮೇಲೆ ನಿಲ್ಲಿಸಿಕೊಂಡು, "ಮುಟ್ಟಬೇಡಿ, ನನ್ನ ತಮ್ಮ ಬರೆದಿದ್ದು, ಇನ್ನೂ ಹಸಿ," ಎಂದು ಪಕ್ಕದವರಿಗೆ ಹೇಳುತ್ತ, ಗುರುವಾರ ಬೆಳಿಗ್ಗೆ ಹೊರಟುಹೋದಳು.