ಹೊಡೆದರೆ ಸಪನಾ ಓದುತ್ತಾಳೆಯೇ?

ಸೋಲಾಪುರದ ಟವೆಲ್ ಕಾರ್ಖಾನೆಯಲ್ಲಿ ದಿನವಿಡೀ ಅಂಚು ಹೊಲಿದು, ಬಸ್ಸಿನಲ್ಲಿ ನಿಂತುಕೊಂಡೇ ಬಂದ ಹಿರಾಬಾಯಿ ಅಕ್ಕಲಕೋಟ ರಸ್ತೆಯ ತನ್ನೂರಿನಲ್ಲಿ ಇಳಿದಳು. ಇಳಿಯುತ್ತಲೇ ಪಾನ್ ಅಂಗಡಿಯ ಪೀರಪ್ಪ ಕೂಗಿ ಹೇಳಿದ: "ನಿಮ್ಮ ಸಪನಾ ಇವತ್ತೂ ಸಾಲಿ ಬಿಟ್ಟು ಕೆರಿ ದಂಡಿಗಿ ಕುಂತಿದ್ಲ ನೋಡವಾ."

ಏಳನೆಯ ವರ್ಗದ ಮಗಳು. ಹಿರಾಬಾಯಿ ಮನೆಗೆ ಹೋದವಳೇ ಕಪಾಳಕ್ಕೆ ಬಾರಿಸಿದಳು. ಮರುದಿನ ಹಿರಾಬಾಯಿ ಕೆಲಸಕ್ಕೆ ರಜೆ ಹಾಕಿ, ಮಗಳ ರಟ್ಟೆ ಹಿಡಿದು ಊರಿನ ಕನ್ನಡ ಶಾಲೆಗೆ ಎಳೆದುಕೊಂಡು ಹೋದಳು.

"ಬಾಯಾರ, ಇಕಿಗಿ ನಾಕು ಬಾರಸ್ರಿ. ತಾಯಿ ನಾನ ಹೇಳಾಕತ್ತೀನಿ."

ಶಿಕ್ಷಕಿ ಕಸ್ತೂರಬಾಯಿ ಮೊಬೈಲಿನಲ್ಲಿ ಮಾಹಿತಿ ತುಂಬುತ್ತಿದ್ದರು. ತಲೆ ಎತ್ತಿದರು. "ಹೊಡ್ಯಾಕ ಬರಂಗಿಲ್ರಿ ಹಿರಾಬಾಯಿ. ಕಾಯ್ದಾ ಐತಿ."

"ಎಂಥಾ ಕಾಯ್ದಾರಿ ಇದು? ಹೊಡ್ಯಂಗಿಲ್ಲ, ಬೈಯಂಗಿಲ್ಲ. ಪ್ರತಿ ವರ್ಷಾ ಪಾಸ್ ಅಂತೀರಿ, ಓದು ಅಂದ್ರ ಇಕಿ ಬಾಯಿ ಬಿಡಂಗಿಲ್ಲ. ಇದರಕಿಂತ ನನ್ನ ಕೂಡ ಕಾರ್ಖಾನಿಗಿ ಬರಲಿ!"

"ನನಗೂ ಸಾಕಾಗೇತ್ರಿ," ಎಂದರು ಕಸ್ತೂರಬಾಯಿ. "ಒಂದ ಖೋಲ್ಯಾಗ ಎರಡು ವರ್ಗ. ಇವತ್ತು ಟ್ರೇನಿಂಗ್, ನಾಳಿ ಇಲೆಕ್ಷನ್ ಕೆಲಸ, ಮತ್ತ ಈ ಮೊಬೈಲ್. ಕಲಸಾಕ ಯಾವಾಗ ಕುಂಡ್ರಲಿ?"

ಮಧ್ಯಾಹ್ನದ ಊಟದ ಅಕ್ಕಿ ನೋಡಲು ಬಂದಿದ್ದ ಅಕ್ಕನಾಗಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಶಾಲಾ ಸಮಿತಿಯ ಸದಸ್ಯೆ, ಚಿಕ್ಕಂದಿನಲ್ಲಿ ಇದೇ ಶಾಲೆಯಲ್ಲಿ ಹಿರಾಬಾಯಿಯ ಪಕ್ಕ ಕೂತವಳು.

"ಹಿರಾ, ನೀ ನಾಕನೇ ವರ್ಗದಾಗ ಸಾಲಿ ಯಾಕ ಬಿಟ್ಟಿ?"

"ಈಗ್ಯಾಕ ಅದು?"

"ಲೆಕ್ಕಾ ತಪ್ಪಿತಂತ ಮಾಸ್ತರು ಹೊಡದ್ರು, ಅಂಗೈ ಬಾತಿತ್ತು. ಮರುದಿನದಿಂದ ಜ್ವಾಳದ ಹೊಲದಾಗ ಅಡಗಿ ಕುಂಡ್ರತಿದ್ದಿ. ಲೆಕ್ಕಾ ಬಂತೇನು?"

ಇಂದಿಗೂ ಟವೆಲ್ಲಿನ ಡಜನ್ ಲೆಕ್ಕ ಬಂದರೆ ಹಿರಾಬಾಯಿ ಪಕ್ಕದವಳ ಮುಖ ನೋಡುತ್ತಾಳೆ.

"ಹೊಡೀಬ್ಯಾಡ್ರಿ ಅಂತೈತಿ ಕಾಯ್ದಾ. ಕಲಸಬ್ಯಾಡ್ರಿ ಅಂದಿಲ್ಲ. ಹುಡುಗಿನ್ನ ಮುಂದ ಮುಂದ ದಬ್ಬಿದ್ವಿ, ಹಿಂದ ಉಳದದ್ದು ಯಾರೂ ನೋಡಲಿಲ್ಲ. ಬಾಯಾರೂ ನೋಡಲಿಲ್ಲ, ನೀನೂ ನೋಡಲಿಲ್ಲ, ಸಮಿತ್ಯಾಗ ಕುಂತ ನಾನೂ ನೋಡಲಿಲ್ಲ." ಅಕ್ಕನಾಗಮ್ಮ ಸಪನಾಳನ್ನು ಹತ್ತಿರ ಕರೆದಳು. "ಯಾಕ ಸಾಲಿ ತಪ್ಪಸ್ತಿ, ಅವ್ವಿ?"

ಹುಡುಗಿ ಬಾಯಿ ಬಿಟ್ಟಳು. "ಒತ್ತಕ್ಷರ ಬರಂಗಿಲ್ಲ ಮಾವಶಿ. ಎದ್ದು ನಿಂತು ಓದು ಅಂದಾಗ ಎಲ್ಲಾರೂ ನಗತಾರ."

ಮಗಳ ಕೆನ್ನೆ ಕಡೆಗೆ ನೋಡಲು ಹಿರಾಬಾಯಿಗೆ ಧೈರ್ಯವಾಗಲಿಲ್ಲ. ಕಸ್ತೂರಬಾಯಿ ಮೊಬೈಲನ್ನು ಮೇಜಿನ ಮೇಲಿಟ್ಟರು.

"ನಿಲ್ಲಸ್ತಿದ್ದಾಕಿ ನಾನ. ನಾಳಿಯಿಂದ ಪ್ರಾರ್ಥನಾಕ್ಕಿಂತ ಮೊದಲ ಬಾ ಸಪನಾ. ನಾವಿಬ್ರ ಕುಂತು ಓದೂಣು, ನಗಾವ್ರು ಯಾರೂ ಇರಂಗಿಲ್ಲ."

"ಇನ್ನೊಬ್ಬ ಮಾಸ್ತರ ಬೇಕಂತ ಸಮಿತ್ಯಾಗ ಠರಾವು ಮಾಡತೀವಿ," ಎಂದಳು ಅಕ್ಕನಾಗಮ್ಮ. "ಹಿರಾ, ಪಾಲಕರ ಸಭಾಕ್ಕ ನೀನೂ ಬಾ."

"ನನಗ ಕೆಲಸದಿಂದ ಸುಟ್ಟಿ ಎಲ್ಲಿ ಸಿಗತೈತಿ?"

"ಮಗಳಿಗಿ ಹೊಡಸಾಕ ಇವತ್ತು ಸಿಕ್ಕೈತೆಲ್ಲ?"

ಹಿರಾಬಾಯಿ ಸಭೆಗೆ ಹೋದಳು. ಠರಾವು ತಾಲೂಕಿಗೆ ಹೋಗಿದೆ, ಹೊಸ ಮಾಸ್ತರರು ಇನ್ನೂ ಬಂದಿಲ್ಲ. ಸಂಜೆ ಅವಳು ಜೋಳದ ಭಕ್ಕರಿ ಬಡಿಯುವಾಗ ಸಪನಾ ಒಲೆಯ ಪಕ್ಕ ಕೂತು ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ಈಗಲೂ ತಡವರಿಸುತ್ತಾಳೆ. ಒಮ್ಮೊಮ್ಮೆ ತಾಯಿಗೂ ಗೊತ್ತಾಗುವುದಿಲ್ಲ. "ನಾಳಿ ಬಾಯಾರಿಗಿ ಕೇಳತೀನಿ ಬಿಡ," ಎನ್ನುತ್ತಾಳೆ ಮಗಳು. ಬೆಳಿಗ್ಗೆ ಯಾರೂ ಎಬ್ಬಿಸದೆ ಎದ್ದು ಶಾಲೆಗೆ ಹೊರಡುತ್ತಾಳೆ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನೀವೂ ದಣಿದಿದ್ದೀರಿ, ನಿಮ್ಮೂರಿನ ಶಿಕ್ಷಕರೂ ದಣಿದಿದ್ದಾರೆ. ಆ ದಣಿವನ್ನು ಮಗುವಿನ ಮೈಮೇಲೆ ಇಳಿಸಬೇಡಿ. ಮಗು ಶಾಲೆ ತಪ್ಪಿಸಿದರೆ ಕೈ ಎತ್ತುವ ಮೊದಲು ಕಾರಣ ಕೇಳಿ. ಪಾಲಕರ ಸಭೆಗೆ ಹೋಗಿ ಬಾಯಿ ತೆರೆದು ಮಾತಾಡಿ. ಪಾಸಾಯಿತೆಂದು ಸುಮ್ಮನಾಗದೆ, ಇಂದು ಸಂಜೆಯೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ, ಪೂರ್ತಿ ಕೇಳಿ.