ಸೋರದ ಬೆಸುಗೆ

ಮೂರನೆಯ ಸಲ ನೀರು ತುಂಬಿಸಿದರೂ ಕೊಳವೆ ಸೋರಲಿಲ್ಲ.

ಎಲ್ಡನ್ ಅದರ ಎರಡೂ ಬಾಯಿ ಬಿಗಿದು, ಕೈಪಂಪು ಒತ್ತಿ, ಬೆಸುಗೆಯ ಉದ್ದಕ್ಕೂ ಒಣಬಟ್ಟೆ ಸವರಿದ. ಬಟ್ಟೆಗೆ ಮಸಿ ಹತ್ತಿತೇ ಹೊರತು ತೇವ ಹತ್ತಲಿಲ್ಲ. ಒಂದೇ ಒಂದು ಹನಿ ಒಸರಿದ್ದರೂ ಅವನಿಗೆ ಸಾಕಾಗುತ್ತಿತ್ತು. ಅಪ್ಪನ ಕೈತಪ್ಪಿನಿಂದ ಮಗಳು ಸತ್ತಳು ಎಂದು ತಲೆ ಚಚ್ಚಿಕೊಳ್ಳಬಹುದಿತ್ತು. ಯಾಕೆ ಸತ್ತಳು ಎಂದೇ ತಿಳಿಯದೆ ಕೂರುವುದು ಅದಕ್ಕಿಂತ ಕಷ್ಟವಾಗಿತ್ತು.

ವಿಲಾಳನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಹಂಬೋಲ್ಟ್ ಸೀಮೆಯ ನಮ್ಮ ಗುಡ್ಡದಲ್ಲಿ ಗಾಂಜಾ ಬೆಳೆಯದವನು ಅಂತಿದ್ದರೆ ಅವನು ಎಲ್ಡನ್ ಒಬ್ಬನೇ. ಅವನದು ಬೆಸುಗೆ ಕೆಲಸ. ಮರ ಕೊಯ್ಯುವ ಮಿಲ್ಲು ನಡೆಯುತ್ತಿದ್ದಾಗ ಮಿಲ್ಲಿನ ಲಾರಿಗಳನ್ನು ಬೆಸೆದ. ಮಿಲ್ಲು ಮುಚ್ಚಿದ ಮೇಲೆ ಗುಡ್ಡದವರಿಗೆ ಉಕ್ಕಿನ ಕೊಳವೆಗಳನ್ನು ಮಾಡಿಕೊಟ್ಟ. ಅದರಲ್ಲಿ ಗಾಂಜಾ ಮೊಗ್ಗು ತುಂಬಿ ಒತ್ತಡದ ಗ್ಯಾಸ್ ಹಾಯಿಸಿದರೆ ಎಣ್ಣೆ ಇಳಿಯುತ್ತದೆ, ಆ ಗ್ಯಾಸಿಗೆ ಕಿಡಿ ತಗುಲಿದರೆ ಸಿಡಿಯುತ್ತದೆ. ಬೇರೆಯವರು ಮಾಡಿದ ಕೊಳವೆಗಳು ಸೀಳಿ ಎಷ್ಟೋ ಜನರ ಹುಬ್ಬು ಹಾರಿಹೋಗಿತ್ತು. ಎಲ್ಡನ್ನನ ಬೆಸುಗೆ ಮಾತ್ರ ನಲವತ್ತು ವರ್ಷದಲ್ಲಿ ಒಮ್ಮೆಯೂ ಸೋರಿದ್ದಿಲ್ಲ. ಆ ಜಂಬ ಅವನಿಗಿತ್ತು, ಇರಬೇಕಾದದ್ದೇ. ಕೊಳವೆಗೆ ಅವನು ದುಡ್ಡು ಕೇಳುತ್ತಿರಲಿಲ್ಲ. ಒಂದು ಗಾಡಿ ಸೌದೆಯೋ ಆರು ಜಾಡಿ ಪೀಚ್ ಹಣ್ಣೋ ಬಂದರೆ ಮುಗಿಯಿತು. ಕೊಡುವಾಗ ಮಾತ್ರ ಬೆರಳೆತ್ತಿ ಹೇಳುತ್ತಿದ್ದ: "ಬಯಲಲ್ಲಿ, ಗಾಳಿ ಬೀಸೋವಾಗ. ತಲೆ ಮೇಲೆ ಸೂರಿದ್ರೆ ಮುಟ್ಟಬೇಡಿ." ವಿಲಾ ಚಿಕ್ಕವಳಿದ್ದಾಗ ಅಪ್ಪನ ಗೊಗ್ಗರು ದನಿಯಲ್ಲಿ ಅದನ್ನೇ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಈ ಕೊಳವೆ ಅವನು ಮನೆಗೆಂದೇ ಮಾಡಿದ್ದು. ಚಳಿಗಾಲದಿಂದ ಅವನ ಹೆಂಡತಿ ಓಪಲ್‌ಳ ಹೊಟ್ಟೆಯಲ್ಲಿ ಕ್ಯಾನ್ಸರ್ ಇತ್ತು, ತಿಂದದ್ದು ನಿಲ್ಲುತ್ತಿರಲಿಲ್ಲ. ಅಕ್ಕಿಕಾಳಿನಷ್ಟು ಆ ಎಣ್ಣೆ ನೆಕ್ಕಿದರೆ ಮಾತ್ರ ನಾಲ್ಕು ಚಮಚ ಕೋಳಿ ಸೂಪು ಒಳಗೆ ಉಳಿಯುತ್ತಿತ್ತು. ತಿಂಗಳಿಗೊಮ್ಮೆ ವಿಲಾ ಮನೆಯ ಹಿಂದಿನ ಪ್ಲಮ್ ಮರದ ಕೆಳಗೆ ಕೂತು ಎಣ್ಣೆ ಇಳಿಸುತ್ತಿದ್ದಳು.

ಅವತ್ತು ಎಲ್ಡನ್ ಬೆಸುಗೆ ಕಡ್ಡಿ ತರಲು ಪೇಟೆಗೆ ಹೋಗಿದ್ದ. ಬಂದಾಗ ಪ್ಲಮ್ ಮರ ಹಾಗೇ ಇತ್ತು, ಅದರಾಚೆಗಿದ್ದ ಶೆಡ್ಡು ಸಿಡಿದು ಬೂದಿಯಾಗಿತ್ತು. ನಮ್ಮ ಗುಡ್ಡದಲ್ಲಿ ಯಾರೂ ಅಗ್ನಿಶಾಮಕದವರನ್ನು ಕರೆಯುವುದಿಲ್ಲ, ಅವರ ಬೆನ್ನಿಗೇ ಪೊಲೀಸರು ಬರುತ್ತಾರೆ. ಜೀಪಿನ ಹಾರ್ನನ್ನು ಮೂರು ಸಲ ಉದ್ದಕ್ಕೆ ಒತ್ತುತ್ತೇವೆ, ಕೇಳಿದವರು ಓಡಿಬರುತ್ತಾರೆ. ಓಪಲ್ ತೆವಳಿಕೊಂಡು ಹೋಗಿ ಹಾರ್ನ್ ಒತ್ತಿದ್ದಳು. ಪಕ್ಕದ ತೋಟದ ಗ್ರೇಡಿ ಬಂದು, ವಿಲಾಳನ್ನು ಒದ್ದೆ ಹೊದಿಕೆಯಲ್ಲಿ ಸುತ್ತಿ, ಆಸ್ಪತ್ರೆಗೆ ಮೂರು ಗಂಟೆ ಗಾಡಿ ಓಡಿಸಿದ. ಕರೆದಿದ್ದರೆ ಆಸ್ಪತ್ರೆಯ ಹೆಲಿಕಾಪ್ಟರು ನಲವತ್ತು ನಿಮಿಷದಲ್ಲಿ ಇಳಿಯುತ್ತಿತ್ತು. ನಮ್ಮ ಗುಡ್ಡದ ಬುದ್ಧಿ ಇಷ್ಟೇ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹೋದಳು.

ಗ್ರೇಡಿ ವರ್ಕ್‌ಶಾಪಿನ ಬಾಗಿಲಿಗೆ ಬಂದು ಟೋಪಿ ತೆಗೆದು ನಿಂತ. ಎಲ್ಡನ್ ತಿರುಗಿ ನೋಡಲಿಲ್ಲ.

"ಬಾ. ಹನಿ ಬೀಳುತ್ತಾ ನೋಡು. ನನ್ನ ಕಣ್ಣು ಸರಿ ಇಲ್ಲ."

"ಬಿಟ್ಬಿಡು ಮಾರಾಯ. ನಿನ್ನ ಬೆಸುಗೆ ಸೋರಿದ್ದಲ್ಲ ಅದು."

"ನಿನಗೆ ಹೇಗೆ ಗೊತ್ತು?"

ಗ್ರೇಡಿ ಟೋಪಿಯನ್ನು ಕೈಯಲ್ಲಿ ತಿರುವುತ್ತಾ ಇದ್ದ. "ಆಸ್ಪತ್ರೆಲಿ ನಾನು ನಮ್ಮೋರೆಲ್ಲಾ ಹೇಳೋ ಅದೇ ಹಳೇ ಪಾಠ ಒಪ್ಪಿಸ್ದೆ. ಹಬ್ಬದ ಟರ್ಕಿ ಕೋಳಿ ಕರಿಯೋವಾಗ ಕಾದ ಎಣ್ಣೆ ಮಗುಚಿತು ಅಂತ. ನರ್ಸಮ್ಮ ನನ್ನ ಮುಖ ನೋಡಿ, 'ಜುಲೈನಲ್ಲಿ ಎಂಥ ಟರ್ಕಿ ಕಣಪ್ಪಾ? ನಿಮ್ಮ ಗುಡ್ಡದಲ್ಲಿ ವರ್ಷವೆಲ್ಲಾ ಹಬ್ಬಾನೇ?' ಅಂದ್ಲು. ನನಗೆ ನಾಚಿಕೆ ಆಯ್ತು, ಎಲ್ಡನ್."

"ಅದಲ್ಲ. ಬೆಸುಗೆ ವಿಷಯ ಹೇಳು."

"ದಾರೀಲಿ ಅವಳಿಗೆ ಎಚ್ಚರ ಇತ್ತು. ಮಾತಾಡಿದ್ಲು. 'ಶೆಡ್ಡಿನ ಬಾಗಿಲು ನಾನೇ ಹಾಕ್ಕೊಂಡೆ, ಅಪ್ಪ ಬೈತಾರೆ' ಅಂದ್ಲು."

ಎಲ್ಡನ್ ಪಂಪಿನ ಹಿಡಿ ಬಿಟ್ಟ.

"ಓಪಲ್ ಮಂಚಾನ ಹಿಂದಿನ ಜಗಲಿಗೆ ಹಾಕಿದ್ರಲ್ಲ, ಸೆಕೆ ಅಂತ. ಗಾಳಿ ಮರದ ಕಡೆಯಿಂದ ಜಗಲಿಗೇ ಬರ್ತಿತ್ತಂತೆ. ಓಪಲ್ ಅಂದಳಂತೆ, 'ಆ ವಾಸನೆಗೆ ನನಗೆ ಹೊಟ್ಟೆ ತೊಳಸುತ್ತೆ ಕಣೆ, ಆಚೆ ತಗೊಂಡು ಹೋಗು' ಅಂತ. ಅದಕ್ಕೇ ಶೆಡ್ಡೊಳಗೆ ಹೋಗಿದ್ದು. ವಾಸನೆ ಬರಬಾರದು ಅಂತ ಬಾಗಿಲ ಸಂದಿಗೆ ಚಿಂದಿ ಬೇರೆ ತುರುಕಿದ್ಲಂತೆ." ಗ್ರೇಡಿ ಟೋಪಿಯನ್ನು ಬೆಂಚಿನ ಮೇಲಿಟ್ಟ. "ಫ್ರಿಜ್ಜು ಗುರ್ ಅಂತು ಅಂದ್ಲು. ಆಮೇಲೆ ನೆನಪಿಲ್ಲ ಅಂದ್ಲು. ನಾನು ನಿನಗಲ್ಲದೆ ಯಾರಿಗೂ ಹೇಳಿಲ್ಲ."

ಶೆಡ್ಡಿನ ಆ ಹಳೆಯ ಫ್ರಿಜ್ಜನ್ನು ಎಲ್ಡನ್ನನೇ ತಂದಿಟ್ಟಿದ್ದ, ಓಪಲ್‌ಳ ಸೂಪು ಕೆಡದಿರಲೆಂದು. ಆಗಾಗ ತಾನಾಗಿ ಶುರುವಾಗುವ ಅದರ ಮೋಟಾರಿನ ಒಂದು ಕಿಡಿ, ಮುಚ್ಚಿದ ಶೆಡ್ಡಿನಲ್ಲಿ ತುಂಬಿದ್ದ ಗ್ಯಾಸಿಗೆ ಸಾಕಾಗಿತ್ತು. ಬಾಗಿಲು ತೆರೆದಿದ್ದರೆ ಗಾಳಿ ಆ ಗ್ಯಾಸನ್ನು ಹೊತ್ತೊಯ್ಯುತ್ತಿತ್ತು. ಅವನು ಬೆಂಚಿನ ಮೇಲೆ ತಲೆಯಿಟ್ಟು ಅತ್ತ. ಗ್ರೇಡಿ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ತುಂಬಾ ಹೊತ್ತು ನಿಂತಿದ್ದ.

ಸಂಜೆ ಎಲ್ಡನ್ ಒಳಗೆ ಹೋದಾಗ ಓಪಲ್ ಗೋಡೆಗೆ ಒರಗಿ ಕೂತಿದ್ದಳು. ಹೊದಿಕೆಯ ಕೆಳಗೆ ಮೈಯಿದೆಯೋ ಇಲ್ಲವೋ ಎಂಬಂತಿದ್ದಳು. ಮಗಳು ಹೋದ ಮೇಲೆ ಅವಳು ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ.

"ಗ್ರೇಡಿ ಬಂದಿದ್ನಲ್ಲ, ಏನಂದ?"

"ಏನಿಲ್ಲ. ಸೌದೆ ವಿಷಯ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ, ಮುದುಕಾ." ಅವಳು ನಕ್ಕಂತೆ ಮಾಡಿದಳು. ಆಮೇಲೆ ಅವನ ತೋಳು ಹಿಡಿದುಕೊಂಡಳು. "ಎಲ್ಡನ್, ಅವಳು ಯಾಕೆ ಒಳಗೆ ಹೋದಳು? ಯಾವತ್ತೂ ಮರದ ಕೆಳಗೇ ಕೂರ್ತಿದ್ದಳಲ್ಲ. ನಾನು ಅವತ್ತು ಏನೋ ಅಂದೆ ಕಣೋ. ವಾಸನೆ ಅಂದೆ..."

"ನೀನು ಅಂದಿದ್ದಕ್ಕಲ್ಲ."

"ಮತ್ತೆ?"

ಕಿಟಕಿಯಾಚೆ ಪ್ಲಮ್ ಹಣ್ಣುಗಳು ಉದುರಿ ಕೊಳೆಯುತ್ತಿದ್ದವು, ಈ ಸಲ ಆರಿಸುವವರು ಇರಲಿಲ್ಲ. ಎಲ್ಡನ್ ಅವುಗಳನ್ನೇ ನೋಡುತ್ತಾ ಹೇಳಿದ:

"ಬೆಸುಗೆ ಬಿಡ್ತು. ಒಳಗಾದರೇನು, ಹೊರಗಾದರೇನು. ನನ್ನ ಬೆಸುಗೆ ಬಿಡ್ತು."

"ನಿನ್ನ ಬೆಸುಗೆನಾ?"

"ನನ್ನದೇ. ವಯಸ್ಸಾಯ್ತು, ಓಪಲ್. ಕೈ ನಡುಗುತ್ತೆ, ಕಣ್ಣು ಮಂಜು. ಒಪ್ಕೊಳ್ಳೋಕೆ ಆಗ್ಲಿಲ್ಲ ನನಗೆ, ಅಷ್ಟೇ."

ಮದುವೆಯಾದ ಮೇಲೆ ಓಪಲ್ ಅವನ ಜೊತೆ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ನೀರು ತುಂಬಿದ ಕೊಳವೆಗಳಿಗೆ ಬಟ್ಟೆ ಸವರಿ ಹನಿ ಹುಡುಕುತ್ತಿದ್ದದ್ದು ಅವಳೇ. ಅವಳು ಗಂಡನ ಕೈಗಳನ್ನು ನೋಡಿದಳು. ಅವು ತೊಡೆಯ ಮೇಲೆ ಅಲುಗದೆ ಕೂತಿದ್ದವು.

"ತೋರಿಸು," ಎಂದಳು.

"ಈಗ ಯಾಕೆ?"

"ನನ್ನ ಮಗಳು, ಎಲ್ಡನ್. ತೋರಿಸು ನನಗೆ."

ಅವನು ವರ್ಕ್‌ಶಾಪಿಗೆ ಹೋದ. ಕೊಳವೆಯನ್ನು ಬೆಂಚಿನ ಇಕ್ಕಳದಲ್ಲಿ ಬಿಗಿದು ಗರಗಸ ಎತ್ತಿಕೊಂಡ. ಅಷ್ಟು ಒಳ್ಳೆಯ ಬೆಸುಗೆಯನ್ನು ಅವನು ತನ್ನ ಜೀವಮಾನದಲ್ಲಿ ಹಾಕಿರಲಿಲ್ಲ, ಹೆಂಡತಿಯ ಔಷಧಿಗೆಂದು ಹಾಕಿದ್ದು. ಮೊದಲ ಎಳೆತಕ್ಕೆ ಹಲ್ಲು ಜಾರಿತು. ಎರಡನೆಯದಕ್ಕೂ ಜಾರಿತು. ನಿಂತು ಉಸಿರು ತೆಗೆದುಕೊಂಡು, ಮತ್ತೆ ಭಾರ ಹಾಕಿ ಎಳೆದ. ಹೆಬ್ಬೆರಳುದ್ದ ಬಿರುಕು ಬೀಳಲು ಅರ್ಧ ಗಂಟೆ ಹಿಡಿಯಿತು. ನೆಲದ ಮಸಿ ತೆಗೆದು ಅದರ ಅಂಚಿಗೆ ಬಳಿದ. ಮಸಿ ಸರಿಯಾಗಿ ಹಿಡಿಯಲಿಲ್ಲ.

ಓಪಲ್ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಸುಗೆಯ ಉದ್ದಕ್ಕೂ ಹೆಬ್ಬೆರಳಾಡಿಸುತ್ತಾ ಬಂದು ಬಿರುಕಿನ ಬಳಿ ನಿಲ್ಲಿಸಿದಳು. ಬೆರಳೆತ್ತಿ ದೀಪಕ್ಕೆ ಹಿಡಿದಳು. ಮಸಿಯ ನಡುವೆ ಉಕ್ಕಿನ ಸಣ್ಣ ಪುಡಿ ಹೊಸದಾಗಿ ಹೊಳೆಯುತ್ತಿತ್ತು. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿ ನಿಂತಿದ್ದ.

ಬೆರಳನ್ನು ನಿಧಾನವಾಗಿ ಹೊದಿಕೆಗೆ ಒರೆಸಿಕೊಂಡಳು.

"ಹೌದು," ಎಂದಳು. "ಇಲ್ಲೇ ಬಿಟ್ಟಿದೆ."

ಸ್ವಲ್ಪ ಹೊತ್ತಿನ ಮೇಲೆ, "ಸೂಪು ಇದ್ದರೆ ಎರಡು ಚಮಚ ಕೊಡು," ಎಂದಳು.

ಎಣ್ಣೆ ಮುಗಿದುಹೋಗಿತ್ತು. ಸೂಪು ಒಳಗೆ ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗ್ರೇಡಿ ತಂದಿಟ್ಟಿದ್ದ ಸೂಪನ್ನು ಅವನು ಬಿಸಿ ಮಾಡಿ ತಂದು, ಊದಿ, ಚಮಚವನ್ನು ಅವಳ ಬಾಯಿಗಿಟ್ಟ. ಓಪಲ್ ನುಂಗಿದಳು, ಮತ್ತೊಂದಕ್ಕೆ ಬಾಯಿ ತೆರೆದಳು. ಅವಳ ಎಡಗೈ ಕೊಳವೆಯ ಮೇಲೆ, ಬಿರುಕನ್ನು ಮುಚ್ಚಿಕೊಂಡು, ಹಾಗೇ ಇತ್ತು.